ಗಂಟು ಬೀಳದ ಹಳೇ ಬೇಲರ್: ಪಾನಾ ಹಿಡಿಯುವ ಮೊದಲು ದಾರದ ತುದಿ ನೋಡಿ

ಹುಲ್ಲನ್ನು ಒತ್ತಿ ದಾರ ಕಟ್ಟುವ ಬೇಲರ್‌ನಿಂದ ಪೆಂಡಿ ಜಾರಿ ನೆಲಕ್ಕೆ ಬೀಳುತ್ತದೆ. ಬಿದ್ದ ಮರುಕ್ಷಣ ಒಂದು ಬದಿ ಬಿಚ್ಚಿಕೊಂಡು ಬೀಸಣಿಗೆ ಥರ ಹರಡುತ್ತದೆ. ಇನ್ನೊಂದು ಬದಿಯ ದಾರ ಮಾತ್ರ ಗಟ್ಟಿಯಾಗಿ ನಿಂತಿರುತ್ತದೆ. ಹಳೇ ಚೌಕದ ಬೇಲರ್ ಇಟ್ಟುಕೊಂಡವರಿಗೆ ಈ ನೋಟ ಹೊಸದೇನಲ್ಲ. ಆಗ ಎಲ್ಲರೂ ಮಾಡುವ ತಪ್ಪು ಒಂದೇ. ಟ್ರ್ಯಾಕ್ಟರ್ ನಿಲ್ಲಿಸಿ, ಪಾನಾ ತಗೊಂಡು, ಗಂಟಿನ ಕಡೆ ಕೈಗೆ ಸಿಕ್ಕ ನಟ್ಟನ್ನು ಅರ್ಧ ಸುತ್ತು ಬಿಗಿ ಮಾಡುವುದು. ನಾನೂ ಅದನ್ನೇ ಮಾಡಿದ್ದೆ. ಐದಕ್ಕೊಂದು ಬಿಚ್ಚುತ್ತಿದ್ದ ಪೆಂಡಿ ಸಂಜೆ ಹೊತ್ತಿಗೆ ಎರಡಕ್ಕೊಂದು ಬಿಚ್ಚತೊಡಗಿತು.

ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಭಾಗ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಭತ್ತದ ಗದ್ದೆಗಳು. ಕಟಾವು ಮಷಿನ್ ಬಂದ ಮೇಲೆ ಹುಲ್ಲು ಗದ್ದೆಯಲ್ಲೇ ಸಾಲಾಗಿ ಬೀಳುತ್ತದೆ. ಅದನ್ನು ಕೈಯಲ್ಲಿ ಬಾಚಿ ಕಟ್ಟಲು ಆಳು ಸಿಗುವುದಿಲ್ಲ. ಬೆಂಕಿ ಹಚ್ಚುವುದು ಸುಲಭ, ಆದರೆ ಹುಲ್ಲಿಗೆ ದುಡ್ಡು ಬರುವಾಗ ಯಾರಿಗೆ ಮನಸ್ಸು ಬರುತ್ತೆ? ಹಾಗಾಗಿ ಸುಗ್ಗಿ ಬಂತೆಂದರೆ ಬೇಲರ್‌ಗೆ ಹಗಲು ರಾತ್ರಿ ಕೆಲಸ. ನಾನು ತಂದದ್ದು ಹೊರ ರಾಜ್ಯದಲ್ಲಿ ದುಡಿದು ಬಂದ ಸೆಕೆಂಡ್ ಹ್ಯಾಂಡ್ ಮಷಿನ್. ಮಾರಿದವರು ಹೇಳಿದ್ದು "ಗಂಟು ಪಕ್ಕಾ" ಅಂತ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಬರೆಯುತ್ತಿರುವುದು ಚೌಕದ ಪೆಂಡಿ ಕಟ್ಟುವ, ಎರಡು ದಾರದ ಸಣ್ಣ ಬೇಲರ್ ಬಗ್ಗೆ. ಅಂದರೆ 14 ಇಂಚು ಎತ್ತರ, 18 ಇಂಚು ಅಗಲದ ಪೆಂಡಿ ಕೊಡುವಂಥದ್ದು. ದುಂಡು ಬೇಲರ್ ಇರುವವರಿಗೆ ಈ ಕಾಟ ಇಲ್ಲ. ಅದು ದಾರ ಸುತ್ತಿ ಕತ್ತರಿಸುತ್ತದೆ ಅಷ್ಟೇ, ಗಂಟು ಹಾಕುವುದೇ ಇಲ್ಲ.

ಗಂಟು ಬೀಳುವುದು ಹೇಗೆ

ಇದು ತಲೆಗೆ ಹೋಗದಿದ್ದರೆ ಮುಂದಿನದು ಯಾವುದೂ ಹೋಗುವುದಿಲ್ಲ. ಸ್ವಲ್ಪ ತಾಳ್ಮೆಯಿಂದ ಓದಿ.

ದಾರದ ಒಂದು ತುದಿ ಮೇಲೆ ಗಂಟಿನ ಡಬ್ಬಿಯಲ್ಲಿರುವ ಹಲ್ಲಿನ ಡಿಸ್ಕ್‌ನಲ್ಲಿ ಸಿಕ್ಕಿಕೊಂಡಿರುತ್ತದೆ. ಅಲ್ಲಿಂದ ಕೆಳಗಿಳಿದು, ಹುಲ್ಲು ಬರುವ ಪೆಟ್ಟಿಗೆಗೆ ಅಡ್ಡವಾಗಿ ನಿಂತು, ಕೆಳಗಿರುವ ಸೂಜಿಯ ಕಣ್ಣಿಗೆ ಹೋಗುತ್ತದೆ. ಪ್ಲಂಜರ್ ಹುಲ್ಲನ್ನು ಹಿಂದಕ್ಕೆ ತಳ್ಳಿದಂತೆ ಆ ಅಡ್ಡದಾರವೂ ಹುಲ್ಲಿನ ಜೊತೆ ಹಿಂದಕ್ಕೆ ಹೋಗುತ್ತದೆ. ಹೀಗೆ ಪೆಂಡಿಯ ಮೇಲೆ, ಹಿಂದೆ, ಕೆಳಗೆ ಮೂರು ಕಡೆ ದಾರ ಸುತ್ತಿಕೊಂಡಂತಾಯಿತು. ಉಳಿದದ್ದು ಮುಂದಿನ ಬದಿ.

ಪೆಂಡಿ ಅಳತೆಗೆ ಬಂದಾಗ ಹಲ್ಲಿನ ಅಳತೆ ಚಕ್ರ ಗಂಟಿನ ಕೆಲಸವನ್ನು ತಡೆದಿಟ್ಟ ಕೊಂಡಿಯನ್ನು ಬಿಡಿಸುತ್ತದೆ. ಸೂಜಿ ಕೆಳಗಿನಿಂದ ಮೇಲೆದ್ದು ಮುಂದಿನ ಬದಿಗೆ ದಾರ ತರುತ್ತದೆ. ತಂದ ದಾರವನ್ನು ಡಿಸ್ಕ್‌ನ ಇನ್ನೊಂದು ಹಲ್ಲಿನ ಸಂದಿಗೆ ಇಡುತ್ತದೆ. ಡಿಸ್ಕ್ ಸ್ವಲ್ಪ ತಿರುಗಿ ಅದನ್ನೂ ಹಿಡಿಯುತ್ತದೆ. ಈಗ ಎರಡು ಎಳೆ ಅಕ್ಕಪಕ್ಕ. ಬಿಲ್ ಹುಕ್ ಅಂತ ಒಂದು ಭಾಗ ಇದೆ. ನಮ್ಮ ಹುಡುಗರು ಅದಕ್ಕೆ ಕೊಕ್ಕು ಅನ್ನುತ್ತಾರೆ, ನೋಡಲು ಥೇಟ್ ಕೊಕ್ಕರೆಯ ಕೊಕ್ಕು. ಅದು ಒಂದು ಪೂರ್ತಿ ಸುತ್ತು ತಿರುಗಿ ಎರಡೂ ಎಳೆಯನ್ನು ತನ್ನ ಮೈಗೆ ಸುತ್ತಿಕೊಳ್ಳುತ್ತದೆ. ಕೊನೆಯಲ್ಲಿ ಬಾಯಿ ತೆರೆದು ಎಳೆಗಳ ತುದಿ ಕಚ್ಚುತ್ತದೆ. ಕೊಕ್ಕಿಗೂ ಡಿಸ್ಕ್‌ಗೂ ನಡುವೆ ಚಾಕು ಬಂದು ಕತ್ತರಿಸುತ್ತದೆ. ಅದೇ ಚಾಕುವಿನ ತೋಳು ಕೊಕ್ಕಿನ ಮೇಲೆ ಒರೆಸಿಕೊಂಡು ಹೋಗುತ್ತಾ ಸುತ್ತಿದ ಕುಣಿಕೆಯನ್ನು ಕಳಚುತ್ತದೆ. ಕುಣಿಕೆ ಕಚ್ಚಿದ ತುದಿಗಳ ಮೇಲಿಂದ ಜಾರಿದರೆ ಗಂಟು ಬಿತ್ತು. ಸೂಜಿ ಕೆಳಗೆ ಮರಳುವಾಗ ಹೊಸ ಎಳೆ ಡಿಸ್ಕ್‌ನಲ್ಲೇ ಉಳಿದಿರುತ್ತದೆ. ಮುಂದಿನ ಪೆಂಡಿಗೆ ಅದೇ ಶುರು.

ಟ್ರ್ಯಾಕ್ಟರ್‌ನಿಂದ ಬೇಲರ್‌ಗೆ ಶಕ್ತಿ ಕೊಡುವ ಶಾಫ್ಟ್, ಅಂದರೆ ಪಿಟಿಒ, ನಿಮಿಷಕ್ಕೆ 540 ಸುತ್ತು ಓಡುವಾಗ ಪ್ಲಂಜರ್ ನಿಮಿಷಕ್ಕೆ 80ರ ಆಸುಪಾಸು ಹೊಡೆಯುತ್ತದೆ. ಅಂದರೆ ಈ ಇಡೀ ನಾಟಕ ಮುಗಿಯಲು ಮುಕ್ಕಾಲು ಸೆಕೆಂಡು. ಕಣ್ಣಿಗೆ ಕಾಣುವುದು ಒಂದು ಮಿಂಚು ಮಾತ್ರ. 1870ರ ದಶಕದ ಕೊನೆಯಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಜಾನ್ ಆ್ಯಪಲ್‌ಬಿ ಗೋಧಿ ಕಟ್ಟುವ ಯಂತ್ರಕ್ಕೆ ಮಾಡಿದ ಉಪಾಯದ ಸಂತಾನ ಇದು. ಕೊಕ್ಕು, ಡಿಸ್ಕ್, ಚಾಕು, ಇವತ್ತಿಗೂ ಮೂಲ ಲೆಕ್ಕ ಅದೇ. ಹಾಗಾಗಿ ನಿಮ್ಮ ಮಷಿನ್‌ಗೆ ಯಾವ ಕಂಪನಿಯ ಬಣ್ಣ ಇದ್ದರೂ ಈ ಬರಹ ಬಹುಪಾಲು ಹೊಂದುತ್ತದೆ. ಅಳತೆಗಳಿಗೆ ಮಾತ್ರ ನಿಮ್ಮ ಮಾಡೆಲ್‌ನ ಪುಸ್ತಕವೇ ಪ್ರಮಾಣ.

ಕೈ ಹಾಕುವ ಮೊದಲು

ಟ್ರ್ಯಾಕ್ಟರ್ ಬಂದ್. ಕೀಲಿ ನಿಮ್ಮ ಜೇಬಿನಲ್ಲಿ. ಪಿಟಿಒ ಶಾಫ್ಟ್ ಕಳಚಿ ಕೆಳಗೆ. ಬೇಲರ್‌ನ ಭಾರದ ಚಕ್ರ, ಅಂದರೆ ಫ್ಲೈವೀಲ್, ಪೂರ್ತಿ ನಿಂತಿರಬೇಕು. ಪಿಟಿಒ ಬಂದ್ ಮಾಡಿದ ಮೇಲೂ ಅದು ಬಹಳ ಹೊತ್ತು ತಿರುಗುತ್ತದೆ. "ಒಂದೇ ಸಲ ದಾರ ಸಿಕ್ಕಿಸಿ ಬರ್ತೀನಿ" ಅಂತ ಓಡುವ ಮಷಿನ್‌ಗೆ ಕೈ ಹಾಕಿದರೆ ಬೆರಳು ಉಳಿಯುವುದಿಲ್ಲ. ಸೂಜಿ ಯಾವಾಗ ಏಳುತ್ತದೆ ಅಂತ ಅದು ಹೇಳಿ ಏಳುವುದಿಲ್ಲ.

ತುದಿ ಓದುವುದು

ಆ ಸಂಜೆ ನಾನು ಸೋತು ನಮ್ಮ ಕಡೆಯ ಒಬ್ಬ ಹಳೇ ಮಿಸ್ತ್ರಿಯನ್ನು ಕರೆಸಿದೆ. ವಯಸ್ಸಾದವರು, ಎಲ್ಲರಿಗೂ ಕಾಕಾ. ನಾನು ಪಾನಾ ಸೆಟ್ ಬಿಚ್ಚಿ ಅವರ ಮುಂದಿಟ್ಟೆ. ಅವರು ಅದನ್ನು ನೋಡಲೇ ಇಲ್ಲ.

"ಬಿಚ್ಚಿದ ಪೆಂಡಿ ದಾರ ಎಲ್ಲೈತಿ?"

"ಕಿತ್ತು ಎಸ್ದೆ ಕಾಕಾ."

"ಅದನ್ನ ಹುಡುಕ್ಕೊಂಡು ಬಾ. ರೋಗಿನ್ನ ಎಸೆದು ಡಾಕ್ಟರ್‌ನ ಕರ್ದಿ ನೀನು."

ಮೊಬೈಲ್ ಬೆಳಕಿನಲ್ಲಿ ಗದ್ದೆ ಸುತ್ತಿ ಆರೇಳು ದಾರ ತಂದೆ. ಕಾಕಾ ಟ್ರಾಲಿಯ ಮೇಲೆ ಅವನ್ನು ಸಾಲಾಗಿ ಹಾಸಿದರು. ಆಮೇಲೆ ಅರ್ಧ ಗಂಟೆ ಅವರು ಹೇಳಿಕೊಟ್ಟದ್ದೇ ಈ ಬರಹದ ಜೀವಾಳ.

ಮೊದಲ ಪ್ರಶ್ನೆ: ಎರಡೂ ಬದಿ ಬಿಚ್ಚುತ್ತಿದೆಯಾ, ಒಂದೇ ಬದಿಯಾ? ಒಂದೇ ಬದಿ ಆದರೆ ಆ ಬದಿಯ ಸೂಜಿ, ಗಂಟಿನ ಡಬ್ಬಿ, ಅದರ ದಾರದ ಉಂಡೆ. ಬೇರೆ ಕಡೆ ಮುಟ್ಟಲೇಬೇಡಿ. ಎರಡೂ ಬದಿ ಒಟ್ಟಿಗೆ ಕೈಕೊಟ್ಟರೆ ಎರಡಕ್ಕೂ ಸೇರಿದ ಏನೋ ಕೆಟ್ಟಿದೆ. ಕೊಂಡಿ ಬಿಡಿಸುವ ತೋಳು, ಗಂಟಿನ ಶಾಫ್ಟಿನ ಬ್ರೇಕ್, ಶಿಯರ್ ಬೋಲ್ಟ್ (ಭಾರ ಹೆಚ್ಚಾದಾಗ ತಾನು ಮುರಿದು ಮಷಿನ್ ಉಳಿಸುವ ಬೋಲ್ಟ್), ಇಲ್ಲವೇ ದಾರದ ಜಾತಿಯೇ. ಒಂದು ಬದಿ ತಪ್ಪುತ್ತಿದ್ದರೆ ಎಡಬಲದ ಉಂಡೆ ಅದಲು ಬದಲು ಮಾಡಿ ನೋಡಿ. ಕಾಯಿಲೆ ಉಂಡೆಯ ಜೊತೆ ಆ ಕಡೆ ಹೋದರೆ ದೋಷ ದಾರದ್ದು. ಐದು ನಿಮಿಷದ ಕೆಲಸ, ಖರ್ಚಿಲ್ಲ. ಆದರೂ ಹತ್ತರಲ್ಲಿ ಒಂಬತ್ತು ಜನ ಮಾಡುವುದಿಲ್ಲ.

ಎರಡನೆಯದು: ಯಾವ ಎಳೆಗೆ ಗಂಟು ಬಿದ್ದಿದೆ? ಬಿಚ್ಚಿದ ಪೆಂಡಿ ಇನ್ನೂ ಪೆಟ್ಟಿಗೆಯೊಳಗೆ ಇರುವಾಗಲೇ ನಿಲ್ಲಿಸಿ ನೋಡಿದರೆ ಒಳ್ಳೆಯದು. ಪೆಂಡಿಯ ಮೇಲ್ಭಾಗದಲ್ಲಿ ಮಲಗಿರುವುದು ಡಿಸ್ಕ್ ಹಿಡಿದಿದ್ದ ಎಳೆ. ಅದಕ್ಕೆ ಮೇಲೆಳೆ ಅನ್ನೋಣ. ಮುಂದಿನ ಬದಿಯಲ್ಲಿ ಎದ್ದು ಬಂದದ್ದು ಸೂಜಿ ತಂದ ಎಳೆ. ಅದು ಸೂಜಿಯೆಳೆ.

*ಸೂಜಿಯೆಳೆಯಲ್ಲಿ ಮಾತ್ರ ಗಂಟು, ಮೇಲೆಳೆ ಬರಿದು.* ಮೇಲೆಳೆ ಡಿಸ್ಕ್‌ನಿಂದ ಮೊದಲೇ ಕಳಚಿಕೊಂಡಿದೆ ಅಂತ ಅರ್ಥ. ಪ್ಲಂಜರ್ ಹೊಡೆದಾಗಲೆಲ್ಲ ಆ ಎಳೆಯ ಮೇಲೆ ಎಳೆತ ಬೀಳುತ್ತದೆ. ದಾರವನ್ನು ಡಿಸ್ಕ್‌ಗೆ ಒತ್ತಿ ಹಿಡಿಯುವ ಒತ್ತುಪಟ್ಟಿ ಸಡಿಲ ಇದ್ದರೆ ತುದಿ ಮೆಲ್ಲಗೆ ಜಾರುತ್ತದೆ. ಈಗ ತುದಿಯನ್ನು ಬೆರಳ ಮಧ್ಯೆ ಹಿಡಿದು ನೋಡಿ. ಚಪ್ಪಟೆಯಾಗಿ, ನಯವಾಗಿ ಇದ್ದರೆ ಜಾರಿದೆ. ಒತ್ತುಪಟ್ಟಿಯ ನಟ್ಟು ಕಾಲು ಸುತ್ತು ಬಿಗಿ ಮಾಡಿ. ತುದಿ ಜಗಿದ ಬೇವಿನ ಕಡ್ಡಿ ಥರ ಕುಚ್ಚು ಕುಚ್ಚಾಗಿದ್ದರೆ ಮಾತು ಉಲ್ಟಾ. ಒತ್ತುಪಟ್ಟಿ ಜಾಸ್ತಿ ಬಿಗಿಯಾಗಿ ದಾರವನ್ನು ಅರೆದು ತುಂಡರಿಸಿದೆ. ಆಗ ಕಾಲು ಸುತ್ತು ಸಡಿಲ ಬಿಡಿ. ನೋಡಿ, ಪೆಂಡಿ ಬಿಚ್ಚಿದ್ದು ಎರಡರಲ್ಲೂ ಒಂದೇ ಥರ. ಮಾಡಬೇಕಾದ್ದು ಮಾತ್ರ ಒಂದಕ್ಕೊಂದು ವಿರುದ್ಧ. ತುದಿ ನೋಡದೆ ನಟ್ಟು ತಿರುಗಿಸಿದವನಿಗೆ ಅರ್ಧ ಸಲ ಕೆಡುವುದೇ ಗತಿ.

*ಮೇಲೆಳೆಯಲ್ಲಿ ಮಾತ್ರ ಗಂಟು, ಸೂಜಿಯೆಳೆ ಕತ್ತರಿಸಿದೆ ಆದರೆ ನೆಟ್ಟಗಿದೆ.* ಸೂಜಿ ದಾರ ತಂದಿದೆ, ಡಿಸ್ಕ್ ಹಿಡಿದಿದೆ, ಚಾಕು ಕತ್ತರಿಸಿದೆ. ಕೊಕ್ಕಿಗೆ ಮಾತ್ರ ಎಳೆ ಸಿಕ್ಕಿಲ್ಲ. ಕೊಕ್ಕಿನ ಮೇಲೆ ಎಳೆಯನ್ನು ತಳ್ಳಿ ಕೂರಿಸುವ ಒಂದು ಸಣ್ಣ ಬೆರಳು ಬಹಳ ಮಾಡೆಲ್‌ಗಳಲ್ಲಿ ಇರುತ್ತದೆ. ಅದು ಬಾಗಿದೆಯಾ, ಸವೆದಿದೆಯಾ, ಹುಲ್ಲಿನ ಹೊಟ್ಟು ತುಂಬಿ ಅರ್ಧದಲ್ಲೇ ನಿಲ್ಲುತ್ತಿದೆಯಾ ನೋಡಿ. ದಾರದ ಡಬ್ಬಿಯಿಂದ ಸೂಜಿಗೆ ಬರುವ ದಾರಿಯಲ್ಲಿ ಬಿಗಿತ ಕೊಡುವ ಸ್ಪ್ರಿಂಗ್ ಪಟ್ಟಿ ಇರುತ್ತದಲ್ವಾ, ಅದು ಸಡಿಲಾದರೂ ಇದೇ ಕಥೆ. ಸೂಜಿಯೆಳೆ ಜೋತು ಬಿದ್ದು ಬೆರಳಿಗೆ ಸಿಗುವುದಿಲ್ಲ.

*ಎರಡೂ ಎಳೆಯಲ್ಲಿ ಗಂಟಿಲ್ಲ, ಆದರೆ ತುದಿಗಳು ಸುರುಳಿಯಾಗಿ ಬಾಗಿವೆ.* ಕೊಕ್ಕು ಸುತ್ತಿದೆ. ಆದರೆ ಕಚ್ಚಿ ಹಿಡಿದಿಲ್ಲ. ಕೊಕ್ಕಿನ ನಾಲಿಗೆಯ, ಅಂದರೆ ಎಳೆ ಕಚ್ಚಿ ಹಿಡಿಯುವ ಭಾಗದ, ಹಿಂದಿನ ಸ್ಪ್ರಿಂಗ್ ಸಡಿಲ, ಇಲ್ಲವೇ ನಾಲಿಗೆಯ ಅಂಚು ಸವೆದಿದೆ. ಸೆಣಬಿನಂಥ ನಾರಿನ ದಾರದಿಂದ ಪ್ಲಾಸ್ಟಿಕ್ ದಾರಕ್ಕೆ ಬದಲಾಯಿಸಿದ ದಿನವೇ ಇದು ಶುರುವಾದರೆ ಆಶ್ಚರ್ಯ ಬೇಡ. ಪ್ಲಾಸ್ಟಿಕ್ ಜಾರುತ್ತದೆ, ಅದಕ್ಕೆ ನಾಲಿಗೆ ಸ್ವಲ್ಪ ಜಾಸ್ತಿ ಬಿಗಿ ಬೇಕು. ಇದನ್ನೂ ಕಾಲು ಸುತ್ತಿನ ಲೆಕ್ಕದಲ್ಲೇ ಮಾಡಿ.

*ಗಂಟು ಚೆನ್ನಾಗಿ ಬಿದ್ದಿದೆ, ಆದರೆ ಕೊಕ್ಕಿಗೇ ಅಂಟಿಕೊಂಡಿದೆ.* ಪೆಂಡಿ ಹಿಂದೆ ಸರಿದಾಗ ದಾರ ಗಂಟಿನ ಬುಡದಲ್ಲೇ ತುಂಡಾಗುತ್ತದೆ. ಮುಂದಿನ ಪೆಂಡಿಯ ಗಂಟೂ ಅದರ ಮೇಲೇ ಕೂರುತ್ತದೆ. ಕೊಕ್ಕಿನ ಮೇಲೆ ಮೂರ್ನಾಲ್ಕು ಗಂಟು ಮಣಿಸರದಂತೆ ಕೂತಿದ್ದನ್ನು ನಾನೇ ಕಿತ್ತಿದ್ದೇನೆ. ಕಾರಣ ಮೂರರಲ್ಲಿ ಒಂದು. ನಾಲಿಗೆ ಅತಿ ಬಿಗಿ. ಕೊಕ್ಕಿನ ಮೈಗೆ ತುಕ್ಕು ಹಿಡಿದು ಒರಟಾಗಿದೆ. ಅಥವಾ ಒರೆಸುವ ತೋಳು ಕೊಕ್ಕನ್ನು ಮುಟ್ಟುತ್ತಿಲ್ಲ. ಮೂರನೆಯದನ್ನು ನೋಡುವುದು ಸುಲಭ. ತೋಳು ಉಜ್ಜಿದ ಜಾಗದಲ್ಲಿ ಕೊಕ್ಕಿನ ಹಿಮ್ಮಡಿ ಬೆಳ್ಳಿಯ ಹಾಗೆ ಹೊಳೆಯುತ್ತಿರಬೇಕು. ಮಸಿಯಾಗಿ ಕಪ್ಪಗಿದ್ದರೆ ತೋಳು ಗಾಳಿಯಲ್ಲಿ ಓಡಾಡುತ್ತಿದೆ. ಹುಲ್ಲು ತೀರಾ ಸಡಿಲವಾಗಿ ಕಟ್ಟುತ್ತಿದ್ದರೂ ಗಂಟು ಕೊಕ್ಕಿನಲ್ಲೇ ಉಳಿಯುತ್ತದೆ. ಎಳೆದು ಬಿಡಿಸುವಷ್ಟು ಬಲ ಪೆಂಡಿಗೆ ಇರುವುದಿಲ್ಲ. ಪೆಂಡಿ ಬಿಗಿ ಮಾಡುವ ಹಿಡಿಗಳನ್ನು ಎರಡೂ ಬದಿ ಸಮನಾಗಿ ಸ್ವಲ್ಪ ತಿರುಗಿಸಿ ನೋಡಿ.

*ಗಂಟು ಸರಿ ಇದೆ, ದಾರ ಬೇರೆಲ್ಲೋ ತುಂಡಾಗಿದೆ.* ಗಂಟಿನ ಡಬ್ಬಿ ನಿರಪರಾಧಿ, ಅದನ್ನು ಬಿಟ್ಟುಬಿಡಿ. ಪೆಂಡಿ ಅತಿ ಬಿಗಿ ಇರಬಹುದು. ದಾರ ಕಳಪೆ ಇರಬಹುದು. ಸೂಜಿಯ ಕಣ್ಣಿನಲ್ಲಿ ದಾರ ಉಜ್ಜಿ ಉಜ್ಜಿ ಗೀರು ಬಿದ್ದು, ಅದರ ಅಂಚು ಬ್ಲೇಡಾಗಿರಬಹುದು. ಭತ್ತದ ಹುಲ್ಲಿನಲ್ಲಿ ಸಿಲಿಕಾ ಜಾಸ್ತಿ, ಮೇಲೆ ಗದ್ದೆಯ ಮಣ್ಣು ಬೇರೆ. ಈ ಎರಡೂ ಸೇರಿದ ಧೂಳು ಮರಳು ಕಾಗದದ ಕೆಲಸ ಮಾಡುತ್ತದೆ. ಕಣ್ಣಿನೊಳಗೆ ಕಿರುಬೆರಳು ಆಡಿಸಿ, ಗೀರು ಉಗುರಿಗೆ ಸಿಗುತ್ತದೆ.

ಚಾಕುವಿನ ಮಾತು ಬೇಗ ಮುಗಿಸುತ್ತೇನೆ. ತುದಿಗಳು ಒಂದೇ ಸಮ, ಕ್ಲೀನಾಗಿ ಕತ್ತರಿಸಿರಬೇಕು. ಒಂದು ಉದ್ದ, ಒಂದು ಗಿಡ್ಡ, ಕುಚ್ಚು ಎದ್ದಿದ್ದರೆ ಚಾಕು ಮೊಂಡು. ಮೊಂಡು ಚಾಕು ಕತ್ತರಿಸುವ ಬದಲು ದಾರವನ್ನು ಎಳೆಯುತ್ತದೆ, ಕೊಕ್ಕು ಕಚ್ಚಿದ್ದು ತಪ್ಪಿಹೋಗುತ್ತದೆ. ಸಾಣೆ ಹಿಡಿಯಿರಿ, ಇಲ್ಲ ಬದಲಿಸಿ.

ನನ್ನ ಮಷಿನ್‌ನ ಕಥೆ

ಟ್ರಾಲಿ ಮೇಲೆ ಹಾಸಿದ ದಾರಗಳಲ್ಲಿ ಮೂರು ಮಾಮೂಲಿಗಿಂತ ಬಹಳ ಉದ್ದ ಇದ್ದವು. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಕಾಕಾ ಒಂದನ್ನು ಎತ್ತಿ ಮಾರು ಹಾಕಿ ಅಳೆದರು. ಹೆಚ್ಚೂಕಮ್ಮಿ ಎರಡು ಪೆಂಡಿಯ ದಾರ, ನಡುವೆ ಕತ್ತರಿಸಿಯೇ ಇಲ್ಲ. ಎರಡೂ ತುದಿಯಲ್ಲಿ ಒಂದೊಂದು ಒಂಟಿ ಗಂಟು.

"ಒಂದು ಬಿಚ್ಚಿದ್ರೆ ಅದರ ಬೆನ್ನಿಗೇ ಇನ್ನೊಂದು ಬಿಚ್ಚತಿತ್ತೇನು?"

ನಾನು ಯೋಚಿಸಿದೆ. ಹೌದು, ಜೋಡಿಯಾಗಿಯೇ ಬಿಚ್ಚುತ್ತಿದ್ದವು. ಎಣಿಸಿರಲಿಲ್ಲ ಅಷ್ಟೇ.

ಇದರ ಅರ್ಥ ಹೀಗೆ. ಸೂಜಿ ಮೇಲೆ ಬಂತು, ಆದರೆ ದಾರವನ್ನು ಡಿಸ್ಕ್‌ನ ಸಂದಿಗೆ ಇಡಲೇ ಇಲ್ಲ. ಡಿಸ್ಕ್ ಹಿಡಿಯಲಿಲ್ಲ, ಹಾಗಾಗಿ ಚಾಕುವಿಗೂ ಸಿಗಲಿಲ್ಲ. ಕೊಕ್ಕಿಗೆ ಸಿಕ್ಕಿದ್ದು ಮೇಲೆಳೆ ಒಂದೇ, ಅದಕ್ಕೇ ಒಂಟಿ ಗಂಟು ಹಾಕಿತು. ಸೂಜಿ ತನ್ನ ದಾರವನ್ನು ಹಾಗೇ ವಾಪಸ್ ತಗೊಂಡು ಹೋಯಿತು. ಮುಂದಿನ ಪೆಂಡಿಗೆ ಮೇಲೆ ಹಿಡಿದುಕೊಂಡ ತುದಿಯೇ ಇಲ್ಲ! ಅದು ಕಟ್ಟಿಸಿಕೊಳ್ಳುವ ಮಾತೇ ಇಲ್ಲ. ಎರಡನೇ ಸಲ ಸೂಜಿ ಸರಿಯಾಗಿ ಇಟ್ಟರೆ ಸೂಜಿಯೆಳೆಗೆ ಒಂಟಿ ಗಂಟು ಬಿದ್ದು, ಅಲ್ಲಿಂದ ಮತ್ತೆ ಸರಿ. ಜೋಡಿ ಪೆಂಡಿ ಬಿಚ್ಚಿದರೆ ಮೊದಲ ಅನುಮಾನ ಸೂಜಿಯ ಮೇಲೆ.

ನಾನು ಆ ದಿನ ಬಿಗಿ ಮಾಡಿದ್ದು ಏನು? ಒತ್ತುಪಟ್ಟಿ, ನಾಲಿಗೆಯ ಸ್ಪ್ರಿಂಗ್ ಎರಡನ್ನೂ. ಎರಡೂ ಸರಿ ಇದ್ದವು. ಸರಿ ಇದ್ದದ್ದನ್ನು ನಾನೇ ಕೆಡಿಸಿ, ಒಂದು ಕಾಯಿಲೆಯನ್ನು ಮೂರು ಮಾಡಿದ್ದೆ.

ಕೈಯಲ್ಲಿ ತಿರುಗಿಸಿ ನೋಡುವುದು

ಮರುದಿನ ಬೆಳಿಗ್ಗೆ ಕೈಯಲ್ಲಿ ತಿರುಗಿಸಿ ನೋಡಿದೆವು. ಅನುಮಾನ ಯಾವುದೇ ಇರಲಿ, ಇದನ್ನೊಮ್ಮೆ ಮಾಡಿ. ಪಿಟಿಒ ಶಾಫ್ಟ್ ಕಳಚಿದ ಮೇಲೆ ಕೊಂಡಿಯ ತೋಳನ್ನು ಕೈಯಲ್ಲಿ ಬಿಡಿಸಿ. ಫ್ಲೈವೀಲನ್ನು ಅದು ಓಡುವ ದಿಕ್ಕಿಗೇ ಮೆಲ್ಲಗೆ ತಿರುಗಿಸಿ. ಉಲ್ಟಾ ಬೇಡ. ಪ್ಲಂಜರಿನ ಒಂದು ಹೊಡೆತಕ್ಕೆ ಫ್ಲೈವೀಲ್ ಆರೇಳು ಸುತ್ತು ಬೇಕು. ಅಂದರೆ ಮುಕ್ಕಾಲು ಸೆಕೆಂಡಿನ ಮಿಂಚನ್ನು ನೀವು ಐದು ನಿಮಿಷ ಎಳೆದು ನೋಡಬಹುದು. ತಿರುಗಿಸುವವರು ಒಬ್ಬರು, ನೋಡುವವರು ಒಬ್ಬರು. ನೋಡುವವರು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಲಿ. ಕೈಯಲ್ಲಿ ತಿರುಗಿಸುವಾಗಲೂ ಚಾಕು ಚಾಕುವೇ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ. ಸೂಜಿಯನ್ನು ಪ್ಲಂಜರಿನಿಂದ ಕಾಯುವ ತಡೆಕೊಂಡಿ ಅಡ್ಡ ಬಂದಿರಬಹುದು.

ಫ್ಲೈವೀಲ್ ನಾನು ತಿರುಗಿಸಿದೆ, ನೋಡಿದ್ದು ಕಾಕಾ. ಬಲಸೂಜಿ ಡಿಸ್ಕ್‌ನ ಪಕ್ಕಕ್ಕೆ ಅಂಟಿಕೊಂಡಂತೆ ಬಂದು ದಾರವನ್ನು ಸಂದಿಗೆ ಇಟ್ಟಿತು. ಎಡಸೂಜಿ ಮೇಲೆ ಬಂತು, ಆದರೆ ಡಿಸ್ಕ್‌ಗೂ ಅದಕ್ಕೂ ನಡುವೆ ಒಂದು ಪೆನ್ಸಿಲ್ ತೂರಿಸುವಷ್ಟು ಜಾಗ. ದಾರ ಬಿಗಿಯಾಗಿದ್ದಾಗ ಹೇಗೋ ಸಂದಿಗೆ ಬೀಳುತ್ತಿತ್ತು. ಸ್ವಲ್ಪ ಅಲುಗಿದರೆ ತಪ್ಪುತ್ತಿತ್ತು. ಸೂಜಿಯ ಬುಡಕ್ಕೆ ಅಂಟಿದ್ದ ಗ್ರೀಸು, ಹೊಟ್ಟು ಕೆರೆದಾಗ ಗೊತ್ತಾಯಿತು. ಯಾರೋ ಹಿಂದೆ ಸೂಜಿ ಮುರಿದು ವೆಲ್ಡ್ ಮಾಡಿದ್ದಾರೆ. ಅದರ ಮೇಲೆ ಹೊಸ ಬಣ್ಣ ಬಳಿದಿದ್ದಾರೆ. ವೆಲ್ಡ್ ಆದ ಸೂಜಿ ಒಂದಿಷ್ಟು ಪಕ್ಕಕ್ಕೆ ವಾಲಿತ್ತು. "ಗಂಟು ಪಕ್ಕಾ" ಅಂದಿದ್ದರಲ್ಲ, ಸುಳ್ಳಲ್ಲ ಬಿಡಿ. ಗಂಟಿನ ಡಬ್ಬಿ ಪಕ್ಕಾನೇ ಇತ್ತು.

ಹುಡುಗನೊಬ್ಬ ಸುತ್ತಿಗೆ ತಂದ. ಕಾಕಾ ಬೈದು ಕಳಿಸಿದರು. ಸೂಜಿ ಬಹಳ ಮಷಿನ್‌ಗಳಲ್ಲಿ ಎರಕದ್ದು, ಹೊಡೆದರೆ ಮುರಿಯುತ್ತದೆ. ಅದರಲ್ಲೂ ವೆಲ್ಡ್ ಆದದ್ದು. ಸೂಜಿಗಳನ್ನು ಹೊತ್ತ ಅಡ್ಡಕಂಬಿಗೆ ಅವು ಬೋಲ್ಟಿನಿಂದ ಕೂತಿರುತ್ತವೆ. ಆ ಬೋಲ್ಟು ಸಡಿಲಿಸಿ ಸೂಜಿಯನ್ನು ಡಿಸ್ಕ್ ಕಡೆಗೆ ಸರಿಸಿದೆವು. ತಾಗಿಯೂ ತಾಗದ ಹಾಗೆ. ಗಟ್ಟಿಯಾಗಿ ಉಜ್ಜಿದರೆ ಸೂಜಿ ಸವೆಯುತ್ತದೆ, ಡಿಸ್ಕೂ ಹೋಗುತ್ತದೆ. ಮತ್ತೆ ಕೈಯಲ್ಲಿ ತಿರುಗಿಸಿ ನೋಡಿದೆವು. ನಾನು ಕೆಡಿಸಿದ್ದ ಎರಡು ನಟ್ಟುಗಳನ್ನು ವಾಪಸ್ ತರಲು ಇನ್ನೂ ಎರಡು ಗಂಟೆ ಹಿಡಿಯಿತು. ಎಷ್ಟು ತಿರುಗಿಸಿದ್ದೆ ಅಂತ ನನಗೆ ನೆನಪೇ ಇರಲಿಲ್ಲ. ಈಗ ಯಾವ ನಟ್ಟು ಮುಟ್ಟಿದರೂ ಮೊದಲು ಸುಣ್ಣದ ಗೆರೆ ಎಳೆಯುತ್ತೇನೆ. ಒಂದು ಸಲಕ್ಕೆ ಒಂದೇ ನಟ್ಟು, ಕಾಲು ಸುತ್ತು, ಆಮೇಲೆ ಹತ್ತು ಪೆಂಡಿ. ಸುಧಾರಿಸದಿದ್ದರೆ ಗೆರೆಗೆ ವಾಪಸ್.

ಮಧ್ಯಾಹ್ನ ಊಟದ ಹೊತ್ತಿಗೆ ನಲವತ್ತು ಪೆಂಡಿ ಒಂದೂ ಬಿಚ್ಚದೆ ಬಿದ್ದವು. ವೆಲ್ಡ್ ಸೂಜಿಯನ್ನು ಆ ಸುಗ್ಗಿ ಮುಗಿದ ಮೇಲೆ ಬದಲಿಸಿದೆ.

ಸುಮ್ನೆ ತಪ್ಪುವ ಗಂಟುಗಳು

ಎಲ್ಲ ಸರಿ ಇದ್ದೂ ಆಗೊಂದು ಈಗೊಂದು ತಪ್ಪುತ್ತಿದ್ದರೆ ದಾರದ ಡಬ್ಬಿಯ ಮುಚ್ಚಳ ತೆಗೆಯಿರಿ. ಉಂಡೆಯನ್ನು ಒಳಗಿನ ತುದಿಯಿಂದ ಎಳೆಯಬೇಕು, ಹೊರಗಿನಿಂದ ಅಲ್ಲ. ಒಂದು ಉಂಡೆಯ ಹೊರತುದಿಯನ್ನು ಮುಂದಿನ ಉಂಡೆಯ ಒಳತುದಿಗೆ ಕಟ್ಟಬೇಕು. ಕಟ್ಟುವ ಗಂಟು ಮುಖ್ಯ. ಬಲದ್ದು ಎಡದ ಮೇಲೆ, ಆಮೇಲೆ ಎಡದ್ದು ಬಲದ ಮೇಲೆ. ಎರಡು ಸಲವೂ ಒಂದೇ ಕಡೆಯಿಂದ ಹಾಕಿದರೆ ಜಾರುತ್ತದೆ. ಬಾಲವನ್ನು ಗಿಡ್ಡಗೆ ಕತ್ತರಿಸಿ. ಉದ್ದ ಬಾಲ ಬಿಟ್ಟರೆ ಸೂಜಿಯ ಕಣ್ಣಿನಲ್ಲಿ ಸಿಕ್ಕುತ್ತದೆ. ಎಡ ಬಲದ ದಾರಗಳು ದಾರಿಯಲ್ಲಿ ಒಂದರ ಮೇಲೊಂದು ದಾಟಬಾರದು.

ಇನ್ನೊಂದು ಶತ್ರು ಹೊಟ್ಟು. ಗಂಟು ಹಾಕಿದ ಮೇಲೆ ಡಿಸ್ಕ್‌ನಿಂದ ದಾರದ ಸಣ್ಣ ತುಂಡುಗಳು ಉದುರುವುದು ಬಹಳ ಮಾಡೆಲ್‌ಗಳಲ್ಲಿ ಮಾಮೂಲು. ಅವು ಉದುರದೆ ಒತ್ತುಪಟ್ಟಿಯ ಕೆಳಗೆ ಸೇರಿಕೊಂಡರೆ ಹಿಡಿತ ಹೋಗುತ್ತದೆ. ದಿನಾ ಬೆಳಿಗ್ಗೆ ಗಾಳಿ ಹೊಡೆದು, ಗ್ರೀಸ್ ನಿಪ್ಪಲ್‌ಗಳಿಗೆ ಗ್ರೀಸ್ ಕೊಟ್ಟು ಶುರು ಮಾಡಿ. ಮಧ್ಯಾಹ್ನ ಇನ್ನೊಮ್ಮೆ ಗಾಳಿ ಹೊಡೆಯಿರಿ. ಉದುರಿದ ತುಂಡು, ಬಿಚ್ಚಿದ ಪೆಂಡಿಯ ದಾರ ಎಲ್ಲವನ್ನೂ ಆರಿಸಿ ಚೀಲಕ್ಕೆ ಹಾಕಿ. ಪ್ಲಾಸ್ಟಿಕ್ ದಾರ ಹುಲ್ಲಿನ ಜೊತೆ ಎಮ್ಮೆಯ ಹೊಟ್ಟೆ ಸೇರಿದರೆ ಕರಗುವುದಿಲ್ಲ.

ಇಬ್ಬನಿ ಇರುವಾಗ ಕಟ್ಟಲು ಹೋಗಬೇಡಿ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಹುಲ್ಲು ಕೈಗೆ ತಣ್ಣಗೆ ಹತ್ತುತ್ತಿರುತ್ತದೆ. ಒದ್ದೆ ಹುಲ್ಲಿನ ಪೆಂಡಿ ಭಾರ, ಬಿಗಿತ ಏರುತ್ತದೆ, ದಾರ ತುಂಡಾಗುತ್ತದೆ. ಆಗ ಒಣಹುಲ್ಲಿಗೆ ಇಟ್ಟ ಸೆಟ್ಟಿಂಗ್ ಬದಲಿಸುತ್ತೀರಿ, ಬಿಸಿಲೇರಿದ ಮೇಲೆ ಅದು ಉಲ್ಟಾ ಆಗುತ್ತದೆ. ಕಟ್ಟಿದ ಮೇಲೆ ಬಣವೆಯಲ್ಲಿ ಬೂಸ್ಟು ಹಿಡಿಯುವುದು ಬೇರೆ.

ಶಿಯರ್ ಬೋಲ್ಟ್ ಮುರಿದರೆ ಅದೇ ಗ್ರೇಡಿನದನ್ನೇ ಹಾಕಿ. ಗಟ್ಟಿ ಬೋಲ್ಟ್ ಹಾಕಿದರೆ ಮುಂದಿನ ಸಲ ಮುರಿಯುವುದು ಬೋಲ್ಟ್ ಅಲ್ಲ, ಸೂಜಿ. ಗಂಟಿನ ಶಾಫ್ಟಿಗೆ ಹೋಗುವ ಚೈನ್ ಬಿಚ್ಚಿ ಹಾಕಿದ್ದರೆ ಪುಸ್ತಕದ ಗುರುತು ನೋಡಿ ಟೈಮಿಂಗ್ ಕೂರಿಸದೆ ಪಿಟಿಒ ಹಾಕಲೇಬೇಡಿ. ಒಂದು ಹಲ್ಲು ಆಚೀಚೆ ಆದರೂ ಪ್ಲಂಜರ್ ಬಂದು ಸೂಜಿಗೆ ಗುದ್ದುತ್ತದೆ. ನನ್ನ ಎಡಸೂಜಿ ಮೊದಲು ಮುರಿದದ್ದೂ ಹಾಗೇ ಇರಬೇಕು ಅಂತ ಕಾಕಾ ಊಹೆ.

ಮಳೆಗಾಲ ಕಳೆದು ಹೊರಗೆ ತೆಗೆದಾಗ

ಎರಡನೇ ಬೆಳೆ ಮೇ ತಿಂಗಳಲ್ಲಿ ಮುಗಿದರೆ ಬೇಲರ್ ಮತ್ತೆ ಹೊರಬರುವುದು ನವೆಂಬರ್‌ಗೆ. ಅಷ್ಟರಲ್ಲಿ ಕೊಕ್ಕಿನ ಮೇಲೆ ತೆಳ್ಳಗೆ ತುಕ್ಕು ಬಂದಿರುತ್ತದೆ. ಮೊದಲ ದಿನ ಗಂಟು ಕೊಕ್ಕಿಗೇ ಅಂಟುತ್ತದೆ. ಆಗಲೂ ನಟ್ಟು ಮುಟ್ಟಬೇಡಿ. ನಯವಾದ ಎಮರಿ ಕಾಗದದಲ್ಲಿ ಕೊಕ್ಕು, ನಾಲಿಗೆ ಉಜ್ಜಿ. ಬೆರಳಿಗೆ ಗಾಜಿನಂತೆ ಜಾರಬೇಕು. ಆಮೇಲೂ ಮೊದಲ ಕೆಲವು ಪೆಂಡಿ ತಪ್ಪಬಹುದು, ದಾರವೇ ಉಜ್ಜಿ ಉಜ್ಜಿ ಪಾಲಿಶ್ ಮಾಡಿಕೊಳ್ಳುತ್ತದೆ. ಒಳಗಿಡುವಾಗಲೇ ಕೊಕ್ಕು, ಡಿಸ್ಕ್, ಚಾಕುವಿಗೆ ಗ್ರೀಸ್ ಬಳಿದಿಟ್ಟರೆ ಈ ತೊಂದರೆಯೂ ಇಲ್ಲ. ತೆಗೆದಾಗ ಒರೆಸಿಬಿಡಿ.

ದಾರದ ಉಂಡೆಯನ್ನು ಡಬ್ಬಿಯಲ್ಲೇ ಬಿಡಬೇಡಿ. ಹೋದ ವರ್ಷ ನಾನು ಬಿಟ್ಟಿದ್ದೆ. ನವೆಂಬರ್‌ನಲ್ಲಿ ಮೊದಲ ಪೆಂಡಿಯೇ ಬಿಚ್ಚಿತು. ಹುಡುಗ ಪಾನಾ ತರಲು ಓಡಿದ. ನಾನು ದಾರ ಎತ್ತಿ ನೋಡಿದೆ. ಗಂಟು ಚೆನ್ನಾಗಿಯೇ ಇತ್ತು. ತುಂಡಾದ ಜಾಗ ಚಾಕು ಕತ್ತರಿಸಿದ್ದಲ್ಲ, ಡಿಸ್ಕ್ ಅರೆದದ್ದೂ ಅಲ್ಲ. ಸಣ್ಣ ಸಣ್ಣ ಹಲ್ಲಿನ ಗುರುತು. ಡಬ್ಬಿಯ ಮುಚ್ಚಳ ತೆಗೆದರೆ ಉಂಡೆಯ ನಡುವೆ ಇಲಿ ಗೂಡು, ಐದು ಮರಿ.